ಮನೆಯಲ್ಲಿ ಮದ್ದು ಕೊಡುವುದು ಯಾರು

ಅವತ್ತು ಬೆಳಿಗ್ಗೆ ಮಾಡಿದ ಕೆಲಸ ಇಷ್ಟು. ಬಾವಿಯಿಂದ ನೀರು ಸೇದಿ ಡಿಸ್ಪೆನ್ಸರಿಯ ಹಂಡೆ ತುಂಬಿಸಿದೆ. ಸ್ಟೌ ಹಚ್ಚಿ ಸಿರಿಂಜು, ಸೂಜಿ ಕುದಿಯಲು ಇಟ್ಟೆ. ಮೊಂಡಾಗಿದ್ದ ಸೂಜಿಗಳನ್ನು ಸಾಣೆಕಲ್ಲಿಗೆ ಎಣ್ಣೆ ಹಚ್ಚಿ ಮಸೆದೆ. ಹೊಟ್ಟೆನೋವಿನ ಮಿಕ್ಸ್ಚರು ಒಂದು ಜಾಡಿ, ಕೆಮ್ಮಿನದು ಒಂದು ಜಾಡಿ ಕಲಸಿಟ್ಟೆ. ಹಳೆಯ ಕಾಗದ ಕತ್ತರಿಸಿ ಅಂಚಿಗೆ ಕಚ್ಚು ಹಾಕಿ, ಬಾಟ್ಲಿಗೆ ಅಂಟಿಸುವ ಡೋಸಿನ ಪಟ್ಟಿ ಮಾಡಿದೆ; ಅಂಟಿಗೆ ಮೈದಾ ಗಂಜಿ ಕಾಯಿಸಿದೆ. ಕಜ್ಜಿಯ ಮುಲಾಮು ತಿರುವಿದೆ. ಕಿಟಕಿಯ ಸರಳಿಗೆ ಒಣಹಾಕಿದ್ದ ಬ್ಯಾಂಡೇಜು ಬಟ್ಟೆ ಸುತ್ತಿ ಡಬ್ಬಿಗೆ ತುಂಬಿದೆ. ಆಮೇಲೆ ಬಾಗಿಲು ತೆಗೆದೆ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಸೊರಬದ ಕಡೆಯಿಂದ ನನ್ನನ್ನು ಶಿಕಾರಿಪುರ ತಾಲ್ಲೂಕಿನ ಈ ಡಿಸ್ಪೆನ್ಸರಿಗೆ ಎರಡನೆಯ ಕಾಂಪೌಂಡರ್ ಮಾಡಿ ಹಾಕಿದ್ದರು. ಡಾಕ್ಟರರು ಜೀಪಿನಲ್ಲಿ ವಾರಕ್ಕೊಮ್ಮೆ ಬಂದು ಹೋಗುವವರು. ಉಳಿದ ದಿನ ನಾವಿಬ್ಬರೇ, ನಾನು ಮತ್ತು ಹಿರಿಯ ಕಾಂಪೌಂಡರ್. ಅವರು ಅದೇ ಸೀಮೆಯವರು, ಸುತ್ತಲಿನ ಹಳ್ಳಿಗಳ ಅರ್ಧ ಜನರನ್ನು ಹೆಸರು ಹಿಡಿದು ಕರೆಯಬಲ್ಲವರು. ಜನ ಅವರನ್ನೇ ಡಾಕ್ಟ್ರೇ ಅನ್ನುತ್ತಿದ್ದರು, ಅವರೂ ಬೇಡ ಅನ್ನುತ್ತಿರಲಿಲ್ಲ.

ಔಷಧಿ ತಗೊಂಡ ಮೇಲೆ ಹೀಗಾಯಿತು, ಹಾಗಾಯಿತು ಎಂದು ಯಾರಾದರೂ ಬಂದರೆ ಹಿರಿಯರ ಹತ್ತಿರ ಮೂರು ಉತ್ತರ ಸಿದ್ಧವಾಗಿರುತ್ತಿದ್ದವು. ಒಂದು, ಉಷ್ಣ. ಇನ್ನೊಂದು, ಪಥ್ಯ ತಪ್ಪಿದ್ದೀರಿ. ಮೂರನೆಯದು, ಮೈಗೆ ಹತ್ತಬೇಕು, ಹತ್ತುವಾಗ ಹಾಗೇ. ಕೆಂಪು ಮಿಕ್ಸ್ಚರು ಕುಡಿದರೆ ತಲೆ ತಿರುಗುತ್ತದೆ ಅಂತ ಒಬ್ಬ ಮುದುಕಿ ಬಂದಾಗ, "ಭೂಮಿನೇ ತಿರುಗ್ತೈತಿ ಅಂತ ಸಾಲಿ ಮಾಸ್ತರು ಹೇಳ್ತಾರ ಅಜ್ಜಿ, ನಿನಗ ಈಗ ಗೊತ್ತಾತು ನೋಡು" ಅಂದರು. ಮುದುಕಿಯೂ ನಕ್ಕು, ಅದೇ ಬಾಟ್ಲಿ ತುಂಬಿಸಿಕೊಂಡು ಹೋದಳು.

ನಾನು ಒಮ್ಮೆ ಕೇಳಿದ್ದೆ, "ಸ್ವಲ್ಪ ಕೇಳಬಾರದೇನ್ರೀ, ಏನಾಗ್ತದೆ ಅಂತ?"

"ಕೇಳ್ತಾ ಕೂತ್ರ ಬಾಟ್ಲಿ ತುಂಬೋರು ಯಾರು? ಒಬ್ಬನಿಗೆ ಹೌದಪ್ಪಾ, ಔಷಧಿಯಿಂದನ ಆತು ಅಂದ್ಯೋ, ನಾಳೆ ಇಡೀ ಊರು ಔಷಧೀನ ಬಚ್ಚಲಕ್ಕ ಸುರೀತೈತಿ."

ಅವರ ಮಾತು ಪೂರ್ತಿ ಸುಳ್ಳಲ್ಲ. ನಾನು ಸೊರಬದ ಕಡೆ ಇದ್ದಾಗ ಪೆನಿಸಿಲಿನ್ನಿಗೆ ಒಬ್ಬನ ಮೈಯೆಲ್ಲ ದದ್ದು ಎದ್ದು, ಆ ಕೇರಿಯವರೆಲ್ಲ ಸೂಜಿ ಎಂದರೆ ಬಾಗಿಲು ಹಾಕಿಕೊಂಡಿದ್ದನ್ನು ನಾನೇ ನೋಡಿದ್ದೆ. ಹಾಗಾಗಿ ನಾನೂ ಎಷ್ಟೋ ಸಲ ಉಷ್ಣ ಅಂದೇ ಕಳಿಸುತ್ತಿದ್ದೆ.

ತಾಳಗುಂದದ ಆಚೆಯ ಹಳ್ಳಿಯಿಂದ ಒಬ್ಬ ಹುಡುಗ ಕ್ಷಯಕ್ಕೆ ಸೂಜಿ ಹಾಕಿಸಿಕೊಳ್ಳಲು ಬರುತ್ತಿದ್ದ. ಹುಡುಗ ಎಂದರೆ ಮದುವೆಯಾದವನು, ಸ್ವಂತ ಗದ್ದೆ ಉಳುವವನು. ತಂದೆ ಇಲ್ಲ. ತಾಯಿ ಗಟ್ಟಿ ಹೆಂಗಸು, ಹಣೆ ತುಂಬ ವಿಭೂತಿ, ಪ್ರತಿ ಸಲವೂ ಅವನ ಜೊತೆ ಗಾಡಿಯಲ್ಲಿ ಬಂದು ಬೆಂಚಿನ ತುದಿಗೆ ಕೂರುವವಳು. ಮೊದಲು ಬಂದಾಗ ಅವನು ಕೆಮ್ಮಿದರೆ ವಸ್ತ್ರದಲ್ಲಿ ರಕ್ತ ಕಾಣುತ್ತಿತ್ತು. ಸ್ಟ್ರೆಪ್ಟೊಮೈಸಿನ್ ಸೂಜಿ, ಜೊತೆಗೆ ದಿನಾ ನುಂಗುವ ಮಾತ್ರೆ. ಕೆಲವು ತಿಂಗಳಲ್ಲಿ ರಕ್ತ ನಿಂತಿತು, ಕೆನ್ನೆ ತುಂಬಿತು. ಆ ತಾಯಿ ನಮ್ಮ ಸಿರಿಂಜಿನ ತಟ್ಟೆಗೂ ಕೈಮುಗಿದು ಹೋಗುತ್ತಿದ್ದಳು.

ಕಿವಿಯ ಮಾತನ್ನು ಅವನು ಮೊದಲು ಹೇಳಿದ್ದು ಹಿರಿಯರಿಗೆ. "ಕಿವ್ಯಾಗ ಜೀರುಂಡಿ ಕೂಗಿದಂಗ ಆಕ್ಕೈತ್ರೀ."

"ಉಷ್ಣ. ನೆತ್ತಿಗೆ ಹರಳೆಣ್ಣಿ ಹಾಕು, ಮಜ್ಜಿಗಿ ಕುಡಿ."

ಅವನು ಎಣ್ಣೆ ಹಾಕಿದ, ಮಜ್ಜಿಗೆ ಕುಡಿದ, ಸೂಜಿಯನ್ನೂ ಹಾಕಿಸಿಕೊಳ್ಳುತ್ತ ಬಂದ.

ನಾನು ಮೊದಲು ಹೇಳಿದ ಆ ದಿನ ಹಿರಿಯರು ಸಾಮಾನು ತರಲು ಪೇಟೆಗೆ ಹೋಗಿದ್ದರು. ಅವನು ಗೋಡೆ ಸವರಿಕೊಂಡು ಒಳಗೆ ಬಂದದ್ದು ನನ್ನ ಕಣ್ಣಿಗೆ ಬಿತ್ತು. ಅಷ್ಟು ಹೊತ್ತಿಗೆ ಸೀಸೆಯ ಪುಡಿಗೆ ನೀರು ಬಿಟ್ಟು ಕುಲುಕಿ, ಸಿರಿಂಜಿಗೆ ಎಳೆದಾಗಿತ್ತು.

"ಕಾಲಿಗೆ ಏನಾಯ್ತೋ?" ಅಂದೆ.

ಅವನು "ಆಂ?" ಅಂದ. ಇನ್ನೊಮ್ಮೆ ಗಟ್ಟಿಯಾಗಿ ಕೇಳಿದೆ.

"ಹಗಲೆಲ್ಲ ಅಡ್ಡಿಲ್ರೀ. ಸಂಜಿ ಮುಂದ ಬದುವಿನ ಮ್ಯಾಲ ಬಂದ್ರ ಕಾಲು ಎಲ್ಲಿಡಾಕತ್ತೀನಿ ಅಂತ ತಿಳಿಯಂಗಿಲ್ಲ. ಮೊನ್ನೆ ಗದ್ದಿಯಾಗ ಬಿದ್ದೆ. ಕುಡದಾನ ಅಂತ ನಕ್ರು."

ಸೂಜಿಯನ್ನು ತಟ್ಟೆಗೆ ಇಟ್ಟೆ. ಪಾದ ಜೋಡಿಸಿ ನಿಲ್ಲಿಸಿ, ಕಣ್ಣು ಮುಚ್ಚು ಅಂದೆ. ಮುಚ್ಚಿದ್ದೇ ತಡ, ಕಡಿದ ಬಾಳೆಯ ಹಾಗೆ ವಾಲಿದ. ನಾನು ರಟ್ಟೆ ಹಿಡಿದುಕೊಂಡೆ. ಮೇಜಿನ ಮೇಲಿನ ಗಡಿಯಾರ ತೆಗೆದು ಕಿವಿಗೆ ಹಿಡಿದೆ. ಎಡಗಿವಿಗೆ ಏನೂ ಇಲ್ಲ. ಬಲಗಿವಿಗೆ ಒತ್ತಿ ಹಿಡಿದಾಗ, "ಸಣ್ಣಗ ಐತಿ" ಅಂದ. ಈ ಸೂಜಿ ಹಾಕುವವರ ಕಿವಿ ವಿಚಾರಿಸುತ್ತಿರಬೇಕು ಎಂದು ಡಾಕ್ಟರರು ಮೊದಲೇ ಹೇಳಿದ್ದರು. ಸಿರಿಂಜಿನಲ್ಲಿದ್ದದ್ದನ್ನು ಮೋರಿಗೆ ಚೆಲ್ಲಿ, ಡಾಕ್ಟರರು ಬರುವ ದಿನ ಬನ್ನಿ ಎಂದು ತಾಯಿ ಮಗನನ್ನು ಕಳಿಸಿದೆ.

ಡಾಕ್ಟರರು ಕಬ್ಬಿಣದ ಕವಲು ಬಡಿದು ಅದರ ನಾದ ಕೇಳಿಸಿ ಎರಡೂ ಕಿವಿ ಪರೀಕ್ಷೆ ಮಾಡಿದರು, ಗೆರೆಯ ಮೇಲೆ ನಡೆಸಿ ನೋಡಿದರು. ಸೂಜಿ ಇವತ್ತಿಗೆ ನಿಂತಿತು ಅಂದರು. ನಡಿಗೆ ಅಭ್ಯಾಸದಿಂದ ಸ್ವಲ್ಪ ಸುಧಾರಿಸಬಹುದು. ಹೋದ ಕಿವಿ ಬರುವುದಿಲ್ಲ, ಇನ್ನೂ ಸ್ವಲ್ಪ ಹೋಗಲೂಬಹುದು. ಮಾತ್ರೆ ಮಾತ್ರ ಒಂದು ದಿನವೂ ಬಿಡುವಂತಿಲ್ಲ. "ಅವರಿಗೆ ತಿಳಿಯುವ ಮಾತಲ್ಲಿ ನೀವು ಹೇಳಿಬಿಡಿ" ಎಂದು ಜೀಪು ಹತ್ತಿದರು.

ನಾನು ಬೆಂಚಿನ ಹತ್ತಿರ ಹೋಗಿ ತಾಯಿಯ ಮುಂದೆ ಕೂತೆ. ಒಬ್ಬರಿಗಾದರೂ ಉಷ್ಣ ಎನ್ನದೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು ಎಂದು ಮನಸ್ಸಿನಲ್ಲಿತ್ತು.

"ನೋಡಮ್ಮಾ, ಇದು ಉಷ್ಣ ಅಲ್ಲ, ರೋಗವೂ ಅಲ್ಲ. ಇದು ಮದ್ದಿನಿಂದ ಆಗಿದ್ದು."

ಅವಳು ಸೆರಗು ಸರಿಮಾಡಿಕೊಂಡಳು. "ಮದ್ದಿಂದನಾ?"

"ಮದ್ದಿಂದಲೇ. ಡಾಕ್ಟರರೂ ನೋಡಿದ್ರಲ್ಲ, ಅನುಮಾನವೇ ಬೇಡ." ಮಾತ್ರೆ ತಪ್ಪಬಾರದಲ್ಲ ಎಂದು ಕೇಳಿದೆ, "ಮನೇಲಿ ಮದ್ದು ಕೊಡೋದು ಯಾರು?"

ಅವಳು ಮಗನ ಕಡೆ ತಿರುಗಿ ನೋಡಿದಳು. "ಉಣ್ಣಾಕ ನೀಡಾಕಿ ಸೊಸೀರೀ. ಜಡೆ ಊರಾಕಿ."

"ಹಾಗಾದ್ರೆ ಅವಳನ್ನೇ ಕೇಳಬೇಕು, ಎಷ್ಟು ಕೊಡ್ತಾಳೆ, ಯಾವ ಹೊತ್ತಿಗೆ ಕೊಡ್ತಾಳೆ ಅಂತ. ಮುಂದಿನ ಸಲ ಜೊತೆಗೆ ಕರ್ಕೊಂಡು ಬನ್ನಿ."

"ಕೇಳ್ತೀನಿ," ಅಂದಳು. ಎದ್ದು ನಿಂತು ಇನ್ನೊಮ್ಮೆ ಅಂದಳು, "ಕೇಳೇ ಕೇಳ್ತೀನಿ ತಗೋರಿ."

ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಳು ಎಂದು ನನಗೆ ಸಮಾಧಾನವಾಯಿತು.

ಮುಂದಿನ ಸಲ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮಾತ್ರೆ ಮುಗಿದಿರಬೇಕಲ್ಲ ಎಂದು ನನಗೆ ಕಳವಳ. ಅಷ್ಟರಲ್ಲಿ ಅದೇ ಊರಿನ ಒಬ್ಬ, ಎತ್ತು ಒದ್ದ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದ. ಕೇಳಿದೆ.

"ಅವನಿಗಾ? ಮದ್ದು ತೆಗಿಸಿದ್ರಲ್ರೀ. ನೀವ ಹೇಳಿದ್ರಂತಲ್ಲ, ಹೇಣ್ತಿ ಮದ್ದು ಹಾಕ್ಯಾಳ ಅಂತ."

ಪಟ್ಟಿಯ ಗಂಟು ಬಿಗಿದು, ಏನಾಯಿತು ಮೊದಲಿಂದ ಹೇಳು ಅಂದೆ.

ನಮ್ಮ ಸೊರಬದ ಕಡೆ ಮದ್ದು ಎಂದರೆ ಔಷಧಿ. ಮಗುವಿನ ಶೀತಕ್ಕೆ ಅರೆದು ಕೊಡುವುದೂ ಮದ್ದು, ಆಸ್ಪತ್ರೆಯದೂ ಮದ್ದು. ಹುಟ್ಟಿದಾಗಿನಿಂದ ಬಾಯಿಗೆ ಬಂದ ಮಾತು. ಶಿಕಾರಿಪುರದ ಬಯಲ ಕಡೆ ಆಸ್ಪತ್ರೆಯದು ಔಷಧಿ. ಮದ್ದು ಎಂದರೆ ಆಗದವರು ಅನ್ನದಲ್ಲಿ ಕಲಸಿ ಗುಟ್ಟಾಗಿ ಹೊಟ್ಟೆಗೆ ಹಾಕುವುದು, ಮನುಷ್ಯನನ್ನು ಒಳಗೊಳಗೇ ಒಣಗಿಸುವುದು. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಕೌಂಟರಿನಲ್ಲಿ ನಿಂತಾಗ ಔಷಧಿ ಅಂತಲೇ ಅನ್ನುತ್ತಿದ್ದೆ. ಅವತ್ತು ಮನಸ್ಸು ಬಿಚ್ಚಿ ಮಾತಾಡುವಾಗ ಮನೆಯ ಮಾತು ಬಂದಿತ್ತು.

ಉಳಿದದ್ದನ್ನು ಪಟ್ಟಿ ಕಟ್ಟಿಸಿಕೊಳ್ಳಲು ಬಂದವನೇ ಹೇಳಿದ. ತಾಯಿ ಮನೆಗೆ ಹೋದವಳೇ ಸೊಸೆಯನ್ನು ನಿಲ್ಲಿಸಿ ಕೇಳಿದಳಂತೆ, ಗಂಡನಿಗೆ ಮದ್ದು ಕೊಟ್ಟಿದ್ದು ನೀನೇ ಏನು ಅಂತ. ಹುಡುಗಿ ನಮ್ಮ ಸೊರಬದ ಕಡೆಯ ಜಡೆಯವಳು. "ಹೌದು, ನಾನೇ ಕೊಟ್ಟಿದ್ದು. ದಿನಾ ಊಟ ಆದ್ಮೇಲೆ ಕೊಡ್ತಿದ್ದೆ" ಅಂದಳಂತೆ. ಅಕ್ಕಪಕ್ಕದವರು ಕೂಡಿದ್ದರು. ಇನ್ನು ಕೇಳುವುದೇನಿತ್ತು? ಮಾರನೆಯ ದಿನವೇ ಅವಳನ್ನು ಬಸ್ಸು ಹತ್ತಿಸಿದರು. ಮದ್ದು ತೆಗೆಯುವವನನ್ನು ಕರೆಸಿ ಹುಡುಗನಿಗೆ ಬೇರಿನ ರಸ ಕುಡಿಸಿ ದಿನಗಟ್ಟಲೆ ವಾಂತಿ ಮಾಡಿಸಿದರು. ಅವಳ ಕೈಯ ಡಬ್ಬಿಯಲ್ಲಿದ್ದ ನಮ್ಮ ಮಾತ್ರೆಗಳನ್ನು ಒಲೆಗೆ ಹಾಕಿದರು.

ನಾನು ಸೈಕಲ್ ಹತ್ತಿ ಹೋದೆ. ಹುಡುಗ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದ. ತುಂಬಿದ್ದ ಕೆನ್ನೆ ಮತ್ತೆ ಒಳಗೆ ಹೋಗಿತ್ತು. ತಾಯಿ ನೀರು ಕೊಟ್ಟಳು, ಬೆಲ್ಲ ಕೊಟ್ಟಳು. ನಾನು ವಿವರವಾಗಿ ಹೇಳಿದೆ: ಮದ್ದು ಅಂದದ್ದು ನಮ್ಮ ಸೂಜಿಗೆ, ಕಿವಿ ಕೆಡಿಸಿದ್ದು ನಮ್ಮ ಸೂಜಿ, ಸೊಸೆ ಕೊಟ್ಟಿದ್ದು ನಾನೇ ಎಣಿಸಿ ಕೊಟ್ಟ ಮಾತ್ರೆ.

ಅವಳು ಎಲ್ಲವನ್ನೂ ಕೇಳಿದಳು. "ಸೂಜಿ ಸರಕಾರದ್ದು. ನನ್ನ ಮಗ ಸರಕಾರಕ್ಕೇನು ಮಾಡ್ಯಾನ್ರೀ? ನೀವು ಆಕೀ ಸೀಮ್ಯಾವ್ರು. ಹೆಣ್ಣುಮಗಳು ಅಂತ ಮರುಗಿ ಮಾತು ತಿರಗಿಸಾಕ ಬಂದೀರಿ. ನಿಮ್ಮ ದೊಡ್ಡ ಕಾಂಪೌಂಡ್ರು ಒಂದಿನಾನೂ ಔಷಧಿಯಿಂದ ಕೆಟ್ಟಾಕ್ಕೈತಿ ಅಂದಿಲ್ಲ."

ಹುಡುಗ ನಮ್ಮಿಬ್ಬರ ಬಾಯಿಯನ್ನೇ ನೋಡುತ್ತಿದ್ದ. ನಾನು ಹೊರಟಾಗ ಕೈಹಿಡಿದು ಕೂರಿಸಿ, ಕಿವುಡರು ಮಾತಾಡುವಷ್ಟು ಗಟ್ಟಿಯಾಗಿ ಹೇಳಿದ, "ಆಕಿ ಹಾಕಿಲ್ಲ ಅಂತ ನಂಗ ಗೊತ್ತೈತ್ರೀ. ಅವ್ವ ಹೇಳೋದು ನಂಗ ಕೇಳಂಗಿಲ್ಲ. ನಾ ಹೇಳೋದು ಅವ್ವ ಕೇಳಂಗಿಲ್ಲ."

ತಾಯಿ ಒಳಗೆ ಹೋದಳು. ನಾನು ತಂದಿದ್ದ ಮಾತ್ರೆಗಳನ್ನು ಅವನ ಕೈಗೇ ಕೊಟ್ಟು, ಎದುರಿಗೇ ನುಂಗಿಸಿ ಬಂದೆ.

ಡಾಕ್ಟರರಿಗೆ ಹೇಳಿದೆ. ಹುಡುಗನ ಊರಿನ ದೊಡ್ಡವರನ್ನು ಕೂರಿಸಿ ಎಲ್ಲರ ಮುಂದೆ ಸೂಜಿಯದೇ ಕೆಲಸ ಎಂದು ಹೇಳಿಬಿಡುತ್ತೇನೆ ಅಂದೆ. ಅವರು ಕನ್ನಡಕ ತೆಗೆದು ಒರೆಸಿದರು. "ಹೇಳಬೇಕಾದ್ದೇ. ಆದರೆ ಅದೇ ಊರಲ್ಲಿ ಇನ್ನೊಬ್ಬ ಹೆಂಗಸು ಇದೇ ಸೂಜಿ ತಗೊಳ್ತಾ ಇದ್ದಾಳೆ, ಮರೆತಿರಾ? ಅವಳ ಕಿವಿ ಚೆನ್ನಾಗಿದೆ. ಸೂಜಿ ಬಿಟ್ಟರೆ ಅವಳು ಉಳಿಯೋದಿಲ್ಲ." ಬೇಡ ಎಂದೂ ಅನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

ಹಿರಿಯ ಕಾಂಪೌಂಡರ್ ಮಾತ್ರ ಖಂಡಿತ ಬೇಡ ಅಂದರು. "ಒಬ್ಬಾಕಿ ಸಂಸಾರಕ್ಕ ಇಡೀ ಡಿಸ್ಪೆನ್ಸರಿ ಮುಚ್ಚೋದಾ? ತಿಂಗಳೆರಡು ತಿಂಗಳು ತವರಾಗಿರ್ತಾಳ. ಸಿಟ್ಟು ಇಳಿದ ಮ್ಯಾಲ ಅವ್ರೇ ಕರಕೊಂತಾರ."

"ಮದ್ದು ಹಾಕಿದ ಹೆಣ್ಣು ಅಂತ ಹೆಸರು ಬಂದ್ಮೇಲೆ ಯಾರು ಕರ್ಕೊಳ್ತಾರ್ರೀ?" ಅಂದೆ. ಅವರು ಬಾಟ್ಲಿ ತೊಳೆಯತೊಡಗಿದರು.

ಮನೆಗೆ ಬಂದೆ. ನನ್ನ ಹೆಂಡತಿ ಅಕ್ಕಿ ಆರಿಸುತ್ತಿದ್ದಳು. ಎರಡೂ ಕಡೆಯ ಮಾತು ಹೇಳಿದೆ, ಆ ಇನ್ನೊಬ್ಬ ಹೆಂಗಸಿನದನ್ನೂ ಹೇಳಿದೆ. ಅವಳು ಮೊರದಿಂದ ಕಣ್ಣೆತ್ತಲಿಲ್ಲ. "ಇನ್ನೊಬ್ಳು ಬಿಡ್ತಾಳೋ ಇಲ್ವೋ, ಅವ್ಳ ಮನೆಗೆ ಹೋಗಿ ಹೇಳ್ಬಹುದು. ಈ ಹುಡ್ಗಿ ಎಂತ ಮಾಡದು? ಆ ಮನೆ ಹೊಸ್ಲು ದಾಟಕ್ಕೇ ಅವ್ಳಿಗೆ ದಾರಿ ಇಲ್ಲ ಅಲ್ದಾ?" ಕಲ್ಲೊಂದನ್ನು ಆರಿಸಿ ಅಂಗಳಕ್ಕೆ ಎಸೆದು, "ಅವ್ಳು ಯಾರಿಗೂ ಮದ್ದು ಹಾಕ್ಲಿಲ್ಲ. ನೀವೇ ಅವ್ಳ ಸಂಸಾರಕ್ಕೆ ಹಾಕಿದ ಹಂಗಾತು ಅಷ್ಟೆ" ಅಂದಳು.

ಹೇಳುವುದೆಂದು ನಿಶ್ಚಯ ಮಾಡಿದೆ. ಆ ಊರಿನ ದೊಡ್ಡವರಿಗೆ ಸುದ್ದಿ ಕಳಿಸಿ, ಬಿಸಿಲು ಇಳಿಯುವ ಹೊತ್ತಿಗೆ ಅರಳಿಕಟ್ಟೆಗೆ ಹೊರಟೆ. ಅರ್ಧ ದಾರಿಯಲ್ಲಿ ಹಿಂದಿನಿಂದ ಸೈಕಲ್ ಬೆಲ್ಲು. ಹಿರಿಯರು. "ನಿನ್ನ ಮಾತು ಅಲ್ಲಿ ನಡಿಯಂಗಿಲ್ಲ. ನೀ ಮದ್ದು ಅಂದ್ರ ಅವ್ರು ಮತ್ತೊಂದು ತಿಳಕೊಂತಾರ" ಎಂದು ಗೊಣಗಿದರು. ಆದರೂ ಜೊತೆಗೆ ಬಂದರು.

ನಾನು ಮೊದಲು ಹೇಳಿದೆ. ಈ ಸಲ ಔಷಧಿ, ಔಷಧಿ ಎಂದು ಎಚ್ಚರದಿಂದ ಹೇಳಿದೆ. ಯಾರೂ ಒಪ್ಪಿದಂತೆ ಕಾಣಲಿಲ್ಲ. "ಇವ್ರು ಸೊರಬದೋರು, ಬಿಡ್ರಿ" ಎಂದು ಒಬ್ಬ ನಕ್ಕ. ಹುಡುಗನ ತಾಯಿ ಕಟ್ಟೆಯಿಂದ ದೂರ, ಗೋಡೆಯ ಹತ್ತಿರ ನಿಂತಿದ್ದಳು.

ಹಿರಿಯರು ಎದ್ದರು. "ನಾ ಇಷ್ಟು ವರ್ಷದಾಗ ಔಷಧಿಯಿಂದ ಕೆಟ್ಟಾತು ಅಂತ ನಿಮಗ ಯಾರಿಗಾದ್ರೂ ಅಂದೀನೇನು?"

"ಇಲ್ಲ ಬಿಡ್ರಿ," ಅಂದರು.

"ಇವತ್ತ ಅಂತೀನಿ. ಸೂಜಿ ಇವನ ಎದಿ ಉಳಿಸ್ತು, ಕಿವಿ ತಿಂತು. ಇವ ಬಂದು ನನ್ನ ಮುಂದ ಹೇಳಿದ್ದ, ಜೀರುಂಡಿ ಕೂಗ್ತೈತಿ ಅಂತ. ಎಣ್ಣಿ ಹಾಕು ಅಂದೆ. ಆ ಹುಡುಗಿ ಕೊಟ್ಟಿದ್ದು ನಮ್ಮ ಮಾತ್ರಿ. ಅದನ್ನ ಬಿಡಿಸಿದೋರು ನೀವು."

 ಹಿಂದೆ ಕೂತಿದ್ದ ಒಬ್ಬ ಎದ್ದು ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೋದ. ಸೂಜಿ ತಗೊಳ್ಳುತ್ತಿದ್ದ ಆ ಇನ್ನೊಬ್ಬ ಹೆಂಗಸಿನ ಗಂಡ ಅವನು.

ಆ ಹೆಂಗಸು ಮತ್ತೆ ಸೂಜಿಗೆ ಬರಲಿಲ್ಲ. ನಾನು ಅವರ ಮನೆಗೆ ಹೋದೆ, ಹಿರಿಯರೂ ಬೇರೆಯಾಗಿ ಹೋದರು. "ಒಬ್ಬಾತನ ಕಿವಿ ತಿಂದಿದ್ದು ಸಾಕು" ಎಂದು ಗಂಡ ಬಾಗಿಲಲ್ಲೇ ನಿಂತ. ನಾವು ಕೊಟ್ಟು ಬಂದ ಮಾತ್ರೆಯನ್ನು ಅವಳು ನುಂಗಿದಳೋ ಇಲ್ಲವೋ ತಿಳಿಯದು. ಯುಗಾದಿಗೆ ಮುಂಚೆ ತೀರಿಕೊಂಡಳು. ಹಿರಿಯರು ಆ ವಿಷಯ ನನ್ನ ಹತ್ತಿರ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೌಂಟರಿನಲ್ಲಿ ಅವರು ಮತ್ತೆ ಉಷ್ಣ ಅನ್ನತೊಡಗಿದರು. ಕ್ಷಯದ ಸೂಜಿಯವರನ್ನು ಮಾತ್ರ ಕಣ್ಣು ಮುಚ್ಚಿಸಿ ನಿಲ್ಲಿಸಿ ನೋಡುತ್ತಿದ್ದರು.

ಕಟ್ಟೆಯ ಮಾತು ಮುಗಿದ ಕೂಡಲೇ ಹುಡುಗನ ತಾಯಿ ನನ್ನ ಹತ್ತಿರ ಬಂದು, "ಆಕೀನ್ನ ಕರಕೊಂಡು ಬರ್ರಿ. ನಾ ಹೋಗಂಗಿಲ್ಲ," ಅಂದಿದ್ದಳು. ನಾನೂ ನನ್ನ ಹೆಂಡತಿಯೂ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ಆನವಟ್ಟಿ ದಾಟಿ ಜಡೆಗೆ ಹೋದೆವು. ಹುಡುಗಿಯ ತಂದೆ ನಮಗೆ ಚಾಪೆ ಹಾಸಿದರು. ನಾನು ಎಲ್ಲವನ್ನೂ ಹೇಳಿದೆ. ಹುಡುಗಿ ಬಾಗಿಲ ಮರೆಯಲ್ಲಿ ಕೇಳಿಸಿಕೊಂಡಳು.

"ಅವ್ರಿಗೆ ನಾ ಕರೆದ್ರೆ ಕೇಳ್ತದಾ?" ಎಂದಳು.

"ಹತ್ತಿರ ಹೋಗಿ ಗಟ್ಟಿಯಾಗಿ ಕೂಗಿದರೆ ಸ್ವಲ್ಪ," ಅಂದೆ.

"ಅತ್ತೆ ಮುಂದೆ ಗಂಡನ್ನ ಕೂಗಿ ಕರೆಯದು ಹೆಂಗೆ?" ಅಂದಳು. ನನ್ನ ಹೆಂಡತಿ ಅವಳ ಬಟ್ಟೆಗಂಟನ್ನು ತಾನೇ ಎತ್ತಿಕೊಂಡಳು.

ಹುಡುಗನ ಮನೆ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಹಿಂದಿರುಗಲು ಬಸ್ಸಿಲ್ಲ. ತಾಯಿ ಬಾಗಿಲಲ್ಲಿ ನಿಂತು ಸೊಸೆಯ ಕಾಲಿಗೆ ನೀರು ಕೊಟ್ಟಳು, ಮುಖ ನೋಡಲಿಲ್ಲ. ಹುಡುಗ ಜಗುಲಿಯಿಂದ ಎದ್ದು ಗೋಡೆ ಹಿಡಿದುಕೊಂಡೇ ಬಂದು ನಿಂತ. "ಬಂದ್ಯಾ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ಅವಳು ತಲೆ ಆಡಿಸಿದಳು.

ಅಡಿಗೆಗೆ ಅವಳೇ ಕೂತಳು. ಬೇಡ ಎಂದು ಯಾರೂ ಅನ್ನಲಿಲ್ಲ. ಅಕ್ಕಿರೊಟ್ಟಿ ಬಡಿದಳು, ಬದನೆಕಾಯಿ ಪಲ್ಯ ಮಾಡಿದಳು, ಅನ್ನಕ್ಕೆ ತೊಗರಿಬೇಳೆಯ ಸಾರು. ನನಗೂ ಹುಡುಗನಿಗೂ ನನ್ನ ಹೆಂಡತಿಗೂ ಬಡಿಸಿದಳು. ಹುಡುಗ ಎರಡು ಸಲ ರೊಟ್ಟಿ ಕೇಳಿ ಹಾಕಿಸಿಕೊಂಡ. ಊಟದ ಮೇಲೆ ಅವಳು ನನ್ನ ಕಡೆ ನೋಡಿದಳು. ನಾನು ಮಾತ್ರೆಯ ಪೊಟ್ಟಣ ಕೊಟ್ಟೆ. ಅವಳು ಅದನ್ನು ತಾನು ಬಿಚ್ಚದೆ ಅತ್ತೆಯ ಮುಂದಿಟ್ಟಳು. ಅತ್ತೆಯೇ ಬಿಚ್ಚಿ ಮಗನ ಅಂಗೈಗೆ ಹಾಕಿದಳು.

"ನೀವೂ ಉಣ್ಣಿ ಅತ್ತೆ," ಅಂದಳು ಹುಡುಗಿ.

"ನಂದು ಇವತ್ತು ಸೋಮಾರ, ಒಪ್ಪತ್ತು" ಅಂದಳು ತಾಯಿ. ಅವತ್ತು ಮಂಗಳವಾರ.  ಅವಳು ಸೂರಿಗೆ ತೂಗಿದ್ದ ನೆಲುವಿನಿಂದ ಬೆಳಿಗ್ಗೆ ತಾನೇ ಮಾಡಿಟ್ಟ ಜೋಳದ ರೊಟ್ಟಿ ತೆಗೆದು, ಕೆಂಪುಚಟ್ನಿ ಹಚ್ಚಿಕೊಂಡು ಮೂಲೆಯಲ್ಲಿ ಕೂತು ತಿಂದಳು. ಹುಡುಗಿ ಎಲ್ಲರದೂ ಆದ ಮೇಲೆ ಉಂಡಳು, ಒಬ್ಬಳೇ.

ಮೊದಲು ಮಲಗಿದ್ದು ಹುಡುಗ. ದೀಪ ಆರಿದರೆ ಅವನಿಗೆ ಹೆಜ್ಜೆ ಇಡಲಾಗುತ್ತಿರಲಿಲ್ಲ, ಹಾಗಾಗಿ ಬೆಳಕಿರುವಾಗಲೇ ಅವಳು ಕೈಹಿಡಿದು ಕರೆದುಕೊಂಡು ಹೋಗಿ ಮಲಗಿಸಿದಳು. ಆಮೇಲೆ ನನ್ನ ಹೆಂಡತಿ ಮಲಗಿದಳು, ಆಮೇಲೆ ನಾನು. ತಾಯಿ ನಡುಮನೆಯಲ್ಲಿ ಅಡಿಗೆಮನೆಯ ಬಾಗಿಲ ಕಡೆಗೇ ಮುಖ ಮಾಡಿ ಗೋಡೆಗೆ ಒರಗಿ ಕೂತೇ ಇದ್ದಳು, ಸೊಸೆ ಒಳಗೆ ಪಾತ್ರೆ ತೊಳೆಯುತ್ತಿದ್ದಳು.